1 ಜಿಬಿ ಬೋರ್ಡ್‌ನ ಪರವಾಗಿ ನಾಲ್ಕು ಮಾತು

2025ರ ಡಿಸೆಂಬರ್ 1ರಂದು, ಅಂಗೈಯಗಲದ ಅಗ್ಗದ ಕಂಪ್ಯೂಟರ್ ಬೋರ್ಡ್ ಮಾಡುವ ರಾಸ್ಪ್‌ಬೆರಿ ಪೈ ಕಂಪನಿ ಎರಡು ಸುದ್ದಿಗಳನ್ನು ಒಟ್ಟಿಗೇ ಕೊಟ್ಟಿತು. ಪೈ 4 ಮತ್ತು ಪೈ 5ರ ಹಲವು ಮಾದರಿಗಳ ಬೆಲೆ ಏರಿತು. ಜೊತೆಗೆ 1 ಜಿಬಿ ಮೆಮೊರಿಯ ಹೊಸ ಪೈ 5 ಬಂತು, ಬೆಲೆ 45 ಡಾಲರ್. ನನ್ನ ಗೆಳೆಯರೆಲ್ಲ ಮೊದಲನೆಯದಕ್ಕೆ ಸಿಟ್ಟಾಗಿದ್ದಾರೆ. ಎರಡನೆಯದನ್ನು ಕೇಳಿ, ‘ಈ ಕಾಲದಲ್ಲಿ 1 ಜಿಬಿ ಯಾರಿಗೆ ಬೇಕು?’ ಎಂದು ಕೈಬಿಟ್ಟಿದ್ದಾರೆ. ಯಂತ್ರಗಳೊಳಗಿನ ಸಣ್ಣ ಕಂಪ್ಯೂಟರ್‌ಗಳಿಗೆ ಪ್ರೋಗ್ರಾಂ ಬರೆಯುವ ಎಂಬೆಡೆಡ್ ಕೆಲಸದಿಂದಲೇ ಅನ್ನ ಉಣ್ಣುತ್ತಿರುವ ನನಗೆ ಆ ವರ್ಷದ ಸುದ್ದಿಗಳಲ್ಲಿ ಆ 1 ಜಿಬಿ ಬೋರ್ಡೇ ಎಲ್ಲಕ್ಕಿಂತ ಮುಖ್ಯವಾಗಿ ಕಾಣುತ್ತಿದೆ. ಯಾಕೆಂದು ಹೇಳುತ್ತೇನೆ.

ಸಿಟ್ಟಿಗೆ ಕಾರಣವಿಲ್ಲ ಎನ್ನಲಾರೆ. ಪೈ 5ರ 4 ಜಿಬಿ ಮಾದರಿ 60ರಿಂದ 70 ಡಾಲರ್‌ಗೆ, 8 ಜಿಬಿ 80ರಿಂದ 95ಕ್ಕೆ, 16 ಜಿಬಿ 120ರಿಂದ 145ಕ್ಕೆ ಹೋಯಿತು. ಅದೇ ವಾರ ನಮ್ಮಲ್ಲಿ ಡಾಲರ್ ಬೆಲೆ 90 ರೂಪಾಯಿ ದಾಟಿತು. ಮೇಲೆ ಶೇ 18 ಜಿಎಸ್‌ಟಿ ಸೇರಿದರೆ 16 ಜಿಬಿ ಬೋರ್ಡ್ ಒಂದಕ್ಕೇ ಆಗಲೇ ಹದಿನೈದು ಸಾವಿರ ಮೀರುತ್ತಿತ್ತು, ಸಾಗಣೆ ಖರ್ಚು ಬೇರೆ. ಅಡಾಪ್ಟರ್, ಕಾರ್ಡ್, ತಣಿಸುವ ಫ್ಯಾನ್ ಇನ್ನೂ ಕೊಂಡಿಲ್ಲ. ಅಂತಿಮ ವರ್ಷದ ಪ್ರಾಜೆಕ್ಟಿಗೆ ನಾಲ್ವರು ಹಣ ಕೂಡಿಸಿಕೊಂಡು ಬೋರ್ಡ್ ಕೊಳ್ಳುವ ವಿದ್ಯಾರ್ಥಿಗಳಿಗೆ ಇದು ಸಣ್ಣ ಮೊತ್ತವಲ್ಲ.

ಆದರೆ ಈ ಏರಿಕೆಯ ಬೇರು ಕೇಂಬ್ರಿಡ್ಜ್‌ನ ಆ ಕಂಪನಿಯಲ್ಲಿಲ್ಲ. ಕಂಪ್ಯೂಟರ್ ಓಡುವಾಗ ಬಳಸುವ ಡಿರ್ಯಾಮ್ ಮೆಮೊರಿಯಲ್ಲಿ ಪ್ರಪಂಚದ ಬಹುಪಾಲು ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಎಂಬ ಮೂರೇ ಕಂಪನಿಗಳಿಂದ ಬರುತ್ತದೆ. ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳಿಗೆ ಬೇಕಾದ ಎಚ್‌ಬಿಎಂ ಎಂಬ ಅತಿವೇಗದ ಮೆಮೊರಿಯಲ್ಲಿ ಲಾಭ ಹೆಚ್ಚು, ಹಾಗಾಗಿ ಮೂರೂ ಅತ್ತ ತಿರುಗಿವೆ. ಎಚ್‌ಬಿಎಂನ ಒಂದು ಜಿಬಿ ಮಾಡಲು ಸಾಧಾರಣ ಮೆಮೊರಿಗಿಂತ ಎಷ್ಟೋ ಪಟ್ಟು ಹೆಚ್ಚು ಸಿಲಿಕಾನ್ ಬಿಲ್ಲೆ ಬೇಕು. ಅಲ್ಲಿ ಹೋದಷ್ಟೂ ಇಲ್ಲಿ ಖೋತಾ. ಪೈ ಬಳಸುವ ಎಲ್‌ಪಿಡಿಡಿಆರ್4 ಮೆಮೊರಿ ಹಳೆಯ ತಲೆಮಾರಿನದು, ಅದನ್ನು ಮಾಡುವ ಉತ್ಸಾಹ ಯಾರಿಗೂ ಉಳಿದಿಲ್ಲ. ಅದೇ ತಿಂಗಳ ಮೊದಲ ವಾರ ಮೈಕ್ರಾನ್ ತನ್ನ ಕ್ರೂಶಿಯಲ್ ಹೆಸರಿನ ಚಿಲ್ಲರೆ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಪ್ರಕಟಿಸಿತು. ಮನೆಯ ಕಂಪ್ಯೂಟರಿಗೆ ಮೆಮೊರಿ ಹಾಕಿಸಿಕೊಳ್ಳುವವರು ಆ ಕಂಪನಿಗೆ ಇನ್ನು ಬೇಡ. ನನಗೆ ಸಿಟ್ಟು ಬರುವುದು ಇಲ್ಲಿ.

ಪೈ ಕಂಪನಿಯ ಮುಖ್ಯಸ್ಥ ಎಬೆನ್ ಅಪ್ಟನ್ ಈ ಕಾರಣವನ್ನು ಮುಚ್ಚಿಡಲಿಲ್ಲ. ಏರಿಕೆ ತಾತ್ಕಾಲಿಕ, ಮೆಮೊರಿ ಅಗ್ಗವಾದ ಮೇಲೆ ಬೆಲೆ ಇಳಿಸುತ್ತೇವೆ ಎಂದು ಬರೆದರು. ಅದನ್ನು ನಾನು ನಂಬುತ್ತೇನೆ, ಏಕೆಂದರೆ 2022ನ್ನು ಮರೆತಿಲ್ಲ. ಆಗ ಚಿಪ್‌ಗಳ ಬರ. ಕಂಪನಿ ಇದ್ದ ಬೋರ್ಡ್‌ಗಳನ್ನು ಮೊದಲು ಕೈಗಾರಿಕೆಗಳಿಗೆ ಕೊಟ್ಟಿತು, ಒಂದೆರಡು ಕೊಳ್ಳುವ ನಮ್ಮಂಥವರು ದಲ್ಲಾಳಿಗಳ ಕೈಗೆ ಸಿಕ್ಕಿ ದುಪ್ಪಟ್ಟು ತೆತ್ತೆವು. ಆ ವರ್ಷದ ಡಿಸೆಂಬರಿನಲ್ಲಿ, ಬಿಡಿ ಗ್ರಾಹಕರಿಗೆಂದೇ ಒಂದು ಲಕ್ಷ ಬೋರ್ಡ್ ಎತ್ತಿಟ್ಟಿದ್ದೇವೆ ಎಂದು ಇದೇ ಅಪ್ಟನ್ ತಿಳಿಸಿದ್ದರು. ಮರುವರ್ಷ ಪೂರೈಕೆ ನಿಜವಾಗಿಯೂ ಸರಿಹೋಯಿತು.

ಇನ್ನು 1 ಜಿಬಿ ಮಾತಿಗೆ ಬರುತ್ತೇನೆ. 2012ರ ಫೆಬ್ರುವರಿ 29ರಂದು ಮಾರಾಟಕ್ಕೆ ಬಂದ ಮೊದಲ ಪೈಗೆ ಇದ್ದದ್ದು 256 ಎಂಬಿ, ಬೆಲೆ 35 ಡಾಲರ್. ಒಂದೇ ಕೋರಿನ ಆ ನಿಧಾನದ ಬೋರ್ಡ್‌ನಲ್ಲಿ ಒಂದು ಪೀಳಿಗೆ ಲಿನಕ್ಸ್ ಕಲಿತಿತು. ಈಗಿನದರಲ್ಲಿ ಅದರ ನಾಲ್ಕು ಪಟ್ಟು ಮೆಮೊರಿ ಇದೆ, 2.4 ಗಿಗಾಹರ್ಟ್ಸ್‌ನ ನಾಲ್ಕು ಕೋರ್‌ಗಳಿವೆ, ವೈಫೈ ಇದೆ, ವೇಗದ ಎಸ್‌ಎಸ್‌ಡಿಯಂಥವನ್ನು ಜೋಡಿಸುವ ಪಿಸಿಐಇ ಕಿಂಡಿ ಇದೆ. ಪೈನ ಆಪರೇಟಿಂಗ್ ಸಿಸ್ಟಂನ, ಡೆಸ್ಕ್‌ಟಾಪ್ ಇಲ್ಲದ ಲೈಟ್ ಆವೃತ್ತಿ ಹಾಕಿ, ಸೆನ್ಸರ್‌ಗಳಿಂದ ಸಂದೇಶ ಪಡೆಯುವ ಎಂಕ್ಯೂಟಿಟಿ ಬ್ರೋಕರ್, ಎಸ್‌ಕ್ಯೂಲೈಟ್ ಎಂಬ ಪುಟ್ಟ ಡೇಟಾಬೇಸ್, ಒಂದು ಪೈಥಾನ್ ಪ್ರೋಗ್ರಾಂ ಓಡಿಸಿ ನೋಡಿ, ಅರ್ಧಕ್ಕಿಂತ ಹೆಚ್ಚು ಮೆಮೊರಿ ಖಾಲಿ ಉಳಿಯುತ್ತದೆ. ಬ್ರೌಸರಿನಲ್ಲಿ ಹತ್ತು ಪುಟ ತೆರೆದರೆ ಮಾತ್ರ ತಿಣುಕುತ್ತದೆ. ಅಂಥ ಬಳಕೆಗೆ ಇದನ್ನು ಕೊಳ್ಳಬೇಡಿ.

ತಾಪಮಾನದ ಎರಡು ಅಂಕಿ ತೋರಿಸಲು ಇಡೀ ಬ್ರೌಸರ್ ಎಂಜಿನ್ ತುಂಬುವ ಅಭ್ಯಾಸ ನಮ್ಮ ವೃತ್ತಿಯಲ್ಲಿ ಬೇರೂರಿದೆ. ಸಣ್ಣ ಸ್ಕ್ರಿಪ್ಟಿಗೂ, ಪ್ರೋಗ್ರಾಂಗಳನ್ನು ಪೆಟ್ಟಿಗೆಯಂತೆ ಕಟ್ಟಿ ಓಡಿಸುವ ಡಾಕರ್ ಬೇಕೆನ್ನುತ್ತೇವೆ. ಮೆಮೊರಿ ಅಗ್ಗವಾಗಿದ್ದಾಗ ಇದು ಯಾರಿಗೂ ಚುಚ್ಚಲಿಲ್ಲ. ಪೀಣ್ಯದ ಸಣ್ಣ ಕಾರ್ಖಾನೆಯೊಂದರಲ್ಲಿ ಯಂತ್ರಗಳ ಉತ್ಪಾದನೆಯ ಲೆಕ್ಕ ತೋರಿಸುವ ಪರದೆಗೆ 4 ಜಿಬಿ ಬೋರ್ಡ್ ಬಳಸಿದ್ದರು. ಒಳಗೆ ಓಡುತ್ತಿದ್ದದ್ದು ಕ್ರೋಮಿಯಂ ಬ್ರೌಸರ್, ವಾರಕ್ಕೊಮ್ಮೆ ಹೆಪ್ಪುಗಟ್ಟಿ ನಿಲ್ಲುತ್ತಿತ್ತು. ಅದನ್ನು ಬ್ರೌಸರ್ ಇಲ್ಲದೆ, ನೇರವಾಗಿ ಪರದೆಗೆ ಬರೆಯುವಂತೆ ಮತ್ತೆ ಬರೆದೆವು. ಈಗ 512 ಎಂಬಿಯ, 15 ಡಾಲರ್ ಬೆಲೆಗೆ ಬಿಡುಗಡೆಯಾದ ಪೈ ಜೀರೋ 2 ಡಬ್ಲ್ಯು ಅದನ್ನು ನಡೆಸುತ್ತಿದೆ. ಅಂಕಿಗಳ ಕೆಳಗೆ ಕನ್ನಡವಿದೆ, ಡೆಬಿಯನ್ ಲಿನಕ್ಸ್‌ನಲ್ಲಿ ಸಿಗುವ ನವಿಲು ಫಾಂಟ್‌ನಲ್ಲಿ. ಪಾಳಿ ಬದಲಾಗುವಾಗ ಕೆಲಸಗಾರರು ನಿಂತು ಅದನ್ನು ಓದುತ್ತಾರೆ. ನನಗೆ ಬಹಳ ಹೆಮ್ಮೆಯ ಕೆಲಸ ಅದು.

ಆ ಕಾರ್ಖಾನೆಯ ಯಜಮಾನರು ಮೊದಲು ಕೇಳಿದ್ದು ವೇಗವನ್ನಲ್ಲ. ‘ಐದು ವರ್ಷ ಬಿಟ್ಟು ಇದೇ ಬೋರ್ಡ್ ಸಿಗುತ್ತದೆಯೇ ಸರ್?’ ಎಂದರು. ಮಾರುಕಟ್ಟೆಯಲ್ಲಿ ಪೈಗಿಂತ ವೇಗದ ಅಗ್ಗದ ಬೋರ್ಡ್‌ಗಳು ಬೇಕಾದಷ್ಟಿವೆ. ಎರಡು ವರ್ಷಕ್ಕೆ ಅವುಗಳ ಕರ್ನೆಲ್, ಅಂದರೆ ಲಿನಕ್ಸ್‌ನ ತಿರುಳು, ಹಳಸುತ್ತದೆ, ಕೇಳಲು ಯಾರೂ ಇರುವುದಿಲ್ಲ. ಪೈ 5ನ್ನು ಕನಿಷ್ಠ 2036ರ ಜನವರಿಯವರೆಗೆ ತಯಾರಿಸುತ್ತೇವೆ ಎಂದು ಈ ಕಂಪನಿ ಮಾತು ಕೊಟ್ಟಿದೆ. ಹಲವು ಹೊಸ ಚಿಪ್‌ಗಳ ಪ್ರಕಟಣೆಗಿಂತ ಈ ಒಂದು ತಾರೀಕು ನನಗೆ ದೊಡ್ಡದು.

ಹೊಗಳಲಾಗದ ಸಂಗತಿಯೂ ಇದೆ. 2025ರ ಸೆಪ್ಟೆಂಬರಿನಲ್ಲಿ ಬಂದ ಪೈ 500 ಪ್ಲಸ್ ಸುಂದರ ಯಂತ್ರ: ಮೆಕ್ಯಾನಿಕಲ್ ಕೀಲಿಮಣೆ, 16 ಜಿಬಿ ಮೆಮೊರಿ, 256 ಜಿಬಿ ಎಸ್‌ಎಸ್‌ಡಿ. ಬಂದಾಗ ಬೆಲೆ 200 ಡಾಲರ್. ಮಕ್ಕಳು ಪ್ರೋಗ್ರಾಮಿಂಗ್ ಕಲಿಯಲಿ ಎಂದು ಹುಟ್ಟಿದ ಕಂಪನಿ 2024ರ ಜೂನ್‌ನಲ್ಲಿ ಲಂಡನ್ ಷೇರುಪೇಟೆಗೆ ಇಳಿದ ಮೇಲೆ ಇಂಥ ದುಬಾರಿ ಯಂತ್ರಗಳತ್ತ ವಾಲಿಬಿಡುತ್ತದೋ ಎಂಬ ಅಳುಕು ನನಗಿತ್ತು. 2025ರ ಅಕ್ಟೋಬರಿನಲ್ಲಿ ಚಿಪ್ ಕಂಪನಿ ಕ್ವಾಲ್‌ಕಾಮ್, ಕಲಿಯುವವರ ಬೋರ್ಡ್‌ಗಳಿಗೆ ಹೆಸರಾದ ಆರ್ಡುಯಿನೊವನ್ನು ಕೊಳ್ಳುವುದಾಗಿ ಹೇಳಿದಾಗ ಆ ಅಳುಕು ಇನ್ನೂ ಹೆಚ್ಚಿತು. 1 ಜಿಬಿ ಬೋರ್ಡ್ ನೋಡಿ ಕೊಂಚ ಸಮಾಧಾನವಾಗಿದೆ. 1 ಜಿಬಿಯ ಪೈ 4 ಆ ಏರಿಕೆಯಲ್ಲೂ 35 ಡಾಲರ್‌ನಲ್ಲೇ ನಿಂತಿತು ಎಂಬುದೂ ಆ ಸಮಾಧಾನದ ಭಾಗ.

ಕಾಲೇಜುಗಳಲ್ಲಿ ಲ್ಯಾಬ್ ನೋಡಿಕೊಳ್ಳುವ ಗೆಳೆಯರಿಗೆ ಒಂದು ಮನವಿ. ಹೊಸ ವರ್ಷದ ಖರೀದಿ ಪಟ್ಟಿಯಲ್ಲಿ ರೂಢಿಯಂತೆ 8 ಜಿಬಿ ಎಂದು ಬರೆಯುವ ಮುನ್ನ ಪಠ್ಯಕ್ರಮದ ಪ್ರಯೋಗಗಳನ್ನು ಒಮ್ಮೆ ನೋಡಿ. ಸೆನ್ಸರ್‌ಗಳಂಥವನ್ನು ಜೋಡಿಸುವ ಜಿಪಿಐಒ, ಸೀರಿಯಲ್, ಐ2ಸಿ, ನೆಟ್‌ವರ್ಕಿನ ಸಾಕೆಟ್ ಪ್ರೋಗ್ರಾಮಿಂಗ್ ಯಾವುದಕ್ಕೂ ಅಷ್ಟು ಬೇಡ. ಒಂದು 8 ಜಿಬಿ ಬೋರ್ಡ್‌ನ ಹಣದಲ್ಲಿ ಎರಡು 1 ಜಿಬಿ ಬೋರ್ಡ್ ಬರುತ್ತವೆ, ಒಂದು ಬೋರ್ಡ್‌ನ ಸುತ್ತ ನಿಂತು ನೋಡುತ್ತಿದ್ದ ನಾಲ್ವರಲ್ಲಿ ಇನ್ನೊಬ್ಬರ ಕೈಗೂ ಕೀಲಿಮಣೆ ಸಿಗುತ್ತದೆ. ಕ್ಯಾಮೆರಾ ಪ್ರಾಜೆಕ್ಟುಗಳಿಗೆಂದು ಹೆಚ್ಚು ಮೆಮೊರಿಯ ಒಂದೆರಡನ್ನು ಇಲಾಖೆಯ ಬೀರುವಿನಲ್ಲಿಟ್ಟು, ಬೇಕಾದವರಿಗೆ ಸಹಿ ಹಾಕಿಸಿಕೊಂಡು ಕೊಡಿ.