ಹನ್ನೊಂದಕ್ಕೆ ಮುಂಚೆ ಹತ್ತನೇ ವಚನ ಇದೆ

ಡಿಸೆಂಬರ್ 31ರ ರಾತ್ರಿ ಆರಾಧನೆ ಮುಗಿದ ಮೇಲೆ ನಮ್ಮ ಸಭೆಯಲ್ಲಿ ಎಲ್ಲರೂ ತಟ್ಟೆಯಿಂದ ಒಂದೊಂದು ವಾಗ್ದಾನದ ಕಾರ್ಡ್ ತೆಗೆದುಕೊಳ್ಳುತ್ತೇವೆ. ಒಂದೊಂದರಲ್ಲೂ ಬೈಬಲಿನ ಒಂದು ವಚನ. ಆ ವರ್ಷ ಅಮ್ಮನಿಗೆ ಬಂದಿದ್ದು ಯೆರೆಮೀಯ 29:11. ನಿಮ್ಮ ಬಗ್ಗೆ ನನಗಿರುವುದು ಹಿತದ ಯೋಚನೆಗಳೇ, ಕೇಡಿನವಲ್ಲ ಅನ್ನುವ ಮಾತು. ಅಪ್ಪ ಆಗ ಹಾಸಿಗೆ ಹಿಡಿದಿದ್ದರು. ಅಮ್ಮ ಕಾರ್ಡನ್ನು ಅವರ ದಿಂಬಿನ ಕವರ್ ಒಳಗಿಟ್ಟಳು. ಜುಲೈನಲ್ಲಿ ಅಪ್ಪ ತೀರಿಕೊಂಡರು. ಕವರ್ ಒಗೆಯಲು ತೆಗೆದಾಗ ಕಾರ್ಡ್ ನೆಲಕ್ಕೆ ಬಿತ್ತು. "ಹಾಗಾದ್ರೆ ಇದನ್ನ ದೇವರು ಯಾರಿಗೆ ಹೇಳಿದ್ದು?" ಅಂದಳು ಅಮ್ಮ.

ಆ ಪ್ರಶ್ನೆ ಹಿಡಿದುಕೊಂಡೇ ನಾನು ಇಡೀ ಅಧ್ಯಾಯ ಓದಿದೆ. ಅದೊಂದು ಪತ್ರ. ಬಾಬೆಲಿನ ಅರಸ ನೆಬೂಕದ್ನೆಚ್ಚರ ತನ್ನ ನಾಡಿಗೆ ಸೆರೆ ಒಯ್ದ ಯೆಹೂದ್ಯರಿಗೆ ಪ್ರವಾದಿ ಯೆರೆಮೀಯ ಜೆರುಸಲೇಮಿನಿಂದ ಬರೆದದ್ದು. ಹತ್ತನೇ ವಚನದಲ್ಲೇ ಇದೆ: 70 ವರ್ಷ ತುಂಬಿದ ಮೇಲೆ ನಿಮ್ಮನ್ನು ವಾಪಸ್ ಕರೆತರುತ್ತೇನೆ ಅಂತ. ಯೋಚನೆ ಮಾಡಿ. ಪತ್ರ ಓದುವುದನ್ನು ಕೇಳಿಸಿಕೊಂಡ ಹಿರಿಯರಲ್ಲಿ ಹೆಚ್ಚಿನವರು ಊರಿನ ಮಣ್ಣು ಮತ್ತೆ ಮೆಟ್ಟುವುದಿಲ್ಲ. ಅವರಿಗೆ ದೇವರು ಹೇಳಿದ್ದು, ಅಲ್ಲೇ ಮನೆ ಕಟ್ಟಿ, ತೋಟ ಹಾಕಿ, ಮಕ್ಕಳಿಗೆ ಮದುವೆ ಮಾಡಿ, ಆ ಊರಿನ ಒಳಿತಿಗೆ ಪ್ರಾರ್ಥಿಸಿ ಅಂತ.

ಅದಕ್ಕೂ ಹಿಂದಿನ ಅಧ್ಯಾಯದಲ್ಲಿ ಹನನ್ಯ ಇದ್ದಾನೆ. ಎರಡೇ ವರ್ಷದಲ್ಲಿ ಎಲ್ಲ ಸರಿಹೋಗುತ್ತದೆ ಅಂತ ಪ್ರವಾದಿಸಿದವನು. ಜನಕ್ಕೆ ಯಾರ ಮಾತು ಹಿಡಿಸಿರಬಹುದು ಅಂತ ಹೇಳಬೇಕಾಗಿಲ್ಲ ಅಲ್ವಾ? ಇವತ್ತು ವಾಟ್ಸಾಪ್‌ನಲ್ಲಿ ತಿಂಗಳು, ತಾರೀಖು ಹಾಕಿ ಬರುವ ಪ್ರವಾದನೆಗಳನ್ನು ನೋಡಿದಾಗ ನನಗೆ ಹನನ್ಯನೇ ನೆನಪಾಗುತ್ತಾನೆ. ದಯವಿಟ್ಟು ಅವನ್ನು ಕಾಯಿಲೆಯವರಿರುವ ಮನೆಗಳಿಗೆ ಕಳಿಸಬೇಡಿ.

ನನ್ನನ್ನು ಜಾಸ್ತಿ ಹಿಡಿದು ನಿಲ್ಲಿಸಿದ್ದು 32ನೇ ಅಧ್ಯಾಯ. ಬಾಬೆಲಿನ ದಂಡು ಜೆರುಸಲೇಮನ್ನು ಮುತ್ತಿದೆ. ಯೆರೆಮೀಯ ಕಾವಲಲ್ಲಿದ್ದಾನೆ. ಊರು ಬೀಳುತ್ತದೆ ಅಂತ ಸಾರಿದವನೇ ಅವನು. ಅಂಥ ಹೊತ್ತಲ್ಲಿ ಚಿಕ್ಕಪ್ಪನ ಮಗ ಹನಮೇಲ ಬಂದು, ತಮ್ಮೂರು ಅನಾತೋತಿನ ಹೊಲ ಕೊಂಡುಕೋ ಅನ್ನುತ್ತಾನೆ. ಯೆರೆಮೀಯ ದೇವರ ಮಾತಿನಂತೆ 17 ಶೆಕೆಲ್ ಬೆಳ್ಳಿ ತೂಗಿ ಕೊಡುತ್ತಾನೆ. ಸಾಕ್ಷಿ ಹಾಕಿಸುತ್ತಾನೆ. ಕ್ರಯಪತ್ರಗಳು ಬಹಳ ಕಾಲ ಉಳಿಯಲಿ ಅಂತ ತನ್ನ ಬರಹಗಾರ ಬಾರೂಕನ ಕೈಲಿ ಮಣ್ಣಿನ ಮಡಕೆಯಲ್ಲಿ ಇಡಿಸುತ್ತಾನೆ. ಈ ನಾಡಲ್ಲಿ ಮನೆ, ಹೊಲ, ದ್ರಾಕ್ಷಿತೋಟ ಮತ್ತೆ ಕೊಳ್ಳುತ್ತಾರೆ ಅನ್ನುವುದು ದೇವರು ಕೊಟ್ಟ ಮಾತು.

ಕ್ರಿ.ಪೂ. 539ರಲ್ಲಿ ಪರ್ಷಿಯದ ಅರಸ ಕೋರೆಷ ಬಾಬೆಲನ್ನು ಗೆದ್ದ. ಯೆಹೂದ್ಯರು ಊರಿಗೆ ಮರಳಲು ಅಪ್ಪಣೆ ಕೊಟ್ಟ. ಮಾತು ನಡೆಯಿತು. ಆದರೆ ಯೆರೆಮೀಯ ಆ ಹೊಲ ಉತ್ತ ಅಂತ ಬೈಬಲಿನಲ್ಲಿ ಎಲ್ಲೂ ಇಲ್ಲ. ಅವನನ್ನು ಜನ ಐಗುಪ್ತಕ್ಕೆ, ಅಂದರೆ ಈಜಿಪ್ಟಿಗೆ, ಕರೆದೊಯ್ದರು. ದುಡ್ಡು ಕೊಟ್ಟವನು ಅವನು, ಬೆಳೆ ಕಂಡವರು ಬೇರೆಯವರು.

ಇದನ್ನೆಲ್ಲ ಅಮ್ಮನಿಗೆ ಓದಿ ಹೇಳಿದೆ. ಅವಳು ತುಂಬಾ ಹೊತ್ತು ಸುಮ್ಮನಿದ್ದಳು. ಆಮೇಲೆ, "ಆ ಮಡಕೆ ವಿಷಯ ಇನ್ನೊಂದ್ಸಲ ಓದು" ಅಂದಳು.