ಹೊಳೆ ಏರಿದಾಗ ಹಗ್ಗ ಯಾರ ಕೈಲಿರ್ಬೇಕು, ದೆಹಲಿದಾ ಊರಿಂದಾ?

ಪ್ರಶ್ನೆ ಇಷ್ಟೇ. ಪ್ರವಾಹ, ಬರ, ಗುಡ್ಡ ಕುಸಿಯೋದು, ಇಂಥದ್ದೆಲ್ಲ ನಿಭಾಯಿಸೋ ಅಧಿಕಾರ ಮತ್ತೆ ದುಡ್ಡು ಮುಖ್ಯವಾಗಿ ಕೇಂದ್ರ ಸರ್ಕಾರದ ಕೈಲೇ ಇರ್ಬೇಕಾ? ಪರ ಬರೆದಿರೋನು ಮೈಸೂರಲ್ಲಿರೋ ನಾನು, ವಿರೋಧ ಬರೆದಿರೋರು ಶ್ರೀರಂಗಪಟ್ಟಣ ತಾಲ್ಲೂಕಲ್ಲಿ ಗದ್ದೆ ಮಾಡೋ ನಮ್ ಭಾವ. ಗೌರಿ ಹಬ್ಬದ ಊಟ ಆದ್ಮೇಲೆ ಶುರುವಾದ ಜಗಳ ಇದು, ಅಕ್ಕ ಬಂದು ಇಬ್ರೂ ಬರ್ಕೊಂಡು ಸಾಯ್ರಿ ಅಂದ್ಳು, ಅದಕ್ಕೇ.

ಪರ

ನಮ್ ಹೊಳೆಗಳನ್ನ ನೋಡಿದ್ರೆ ಸಾಕು, ಇದು ಒಂದು ಜಿಲ್ಲೆ ಕೈಲಿ ಆಗೋ ಕೆಲ್ಸ ಅಲ್ಲ ಅಂತ ಗೊತ್ತಾಗತ್ತೆ. ಕಪಿಲೆಗೆ, ಅಂದ್ರೆ ಕಬಿನಿಗೆ, ನೀರು ಬರೋದು ಕೇರಳದ ವಯನಾಡಿಂದ, ಕಾವೇರಿಗೆ ಕೊಡಗಿಂದ, ಎರಡೂ ತಿರುಮಕೂಡಲಲ್ಲಿ ಸೇರ್ಕೊಂಡು ತಮಿಳುನಾಡಿಗೆ ಹೋಗ್ತವೆ. ಮಳೆ ಹೊಡೆಯೋದು ಒಂದು ರಾಜ್ಯದಲ್ಲಿ, ಗೇಟ್ ಎತ್ತೋದು ಇನ್ನೊಂದ್ರಲ್ಲಿ. ಕಪಿಲೆಗೆ ಕಟ್ಟಿರೋ ಬೀಚನಹಳ್ಳಿ ಡ್ಯಾಂ ಬೇರೆ ಚಿಕ್ಕದು, ಹತ್ತೊಂಬತ್ತು ಚಿಲ್ರೆ ಟಿಎಂಸಿ (ಒಂದು ಟಿಎಂಸಿ ಅಂದ್ರೆ ನೂರು ಕೋಟಿ ಘನ ಅಡಿ ನೀರು) ಅಷ್ಟೆ, ಕಾವೇರಿಗೆ ಕಟ್ಟಿರೋ ಕನ್ನಂಬಾಡಿ (ಕೆಆರ್‌ಎಸ್) ಆದ್ರೆ 49 ಟಿಎಂಸಿ ತಡ್ಕೊಳತ್ತೆ, ಹಂಗಾಗಿ ವಯನಾಡಲ್ಲಿ ಎರಡು ದಿನ ಬಿಡದೆ ಹೊಡೆದ್ರೆ ಇಲ್ಲಿ ಬಿಡ್ಲೇಬೇಕು, ಬಿಟ್ರೆ ನಂಜನಗೂಡಲ್ಲಿ ಹದಿನಾರು ಕಾಲು ಮಂಟಪ ಮುಳುಗತ್ತೆ, ಮಲ್ಲನಮೂಲೆ ಮಠದ ಹತ್ರ ಮೈಸೂರು ರೋಡ್ ಬಂದ್. 2018ರಲ್ಲೂ ಆಯ್ತು, 2019ರಲ್ಲೂ ಆಯ್ತು. ಎಚ್.ಡಿ. ಕೋಟೆ ತಹಸೀಲ್ದಾರ್ರು ಫೋನ್ ಮಾಡಿ ಕೇರಳದ ಮಳೆ ಲೆಕ್ಕ ಕೇಳ್ತಾ ಕೂರೋಕಾಗತ್ತಾ? ಹವಾಮಾನ ಇಲಾಖೆ, ಕೇಂದ್ರ ಜಲ ಆಯೋಗ, ಸ್ಯಾಟಲೈಟು ಇವೆಲ್ಲ ರಾಜ್ಯದ ಗಡಿ ನೋಡಲ್ಲ, ಅದಕ್ಕೇ ಅವು ಬೇಕು.

ಮೊದ್ಲು ಹೆಂಗಿತ್ತು ಅಂದ್ರೆ, ದೆಹಲೀಲಿ ವಿಪತ್ತು ಅನ್ನೋದು ಕೃಷಿ ಸಚಿವಾಲಯದ ಕೆಳಗಿತ್ತು, ಅಂದ್ರೆ ಅನಾಹುತ ಆದ್ಮೇಲೆ ಪರಿಹಾರ ಹಂಚೋ ಕೆಲ್ಸ ಅಂತ್ಲೇ ಲೆಕ್ಕ. 1999ರಲ್ಲಿ ಒಡಿಶಾ ಸೂಪರ್ ಸೈಕ್ಲೋನು, ಹತ್ತತ್ರ 10 ಸಾವಿರ ಜನ ಹೋದ್ರು. 2001ರ ಜನವರಿ 26ಕ್ಕೆ ಭುಜ್ ಭೂಕಂಪ, 2004ರ ಡಿಸೆಂಬರ್ 26ಕ್ಕೆ ಸುನಾಮಿ. ಮೂರು ಏಟು ತಿಂದ್ಮೇಲೆ 2005ರಲ್ಲಿ ವಿಪತ್ತು ನಿರ್ವಹಣಾ ಕಾಯ್ದೆ ಬಂತು. ಮೇಲೆ ಪ್ರಧಾನಿ ಅಧ್ಯಕ್ಷತೇಲಿ ರಾಷ್ಟ್ರೀಯ ಪ್ರಾಧಿಕಾರ, ರಾಜ್ಯದಲ್ಲಿ ಸಿಎಂ, ಜಿಲ್ಲೇಲಿ ಡಿಸಿ. ಮಾರನೇ ವರ್ಷ ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆ, ಅಂದ್ರೆ ಎನ್‌ಡಿಆರ್‌ಎಫ್ ಶುರುವಾಯ್ತು, ಆಗ 8 ಬೆಟಾಲಿಯನ್, ಈಗ 16. ಕಟ್ಟಡ ಕುಸಿದ್ರೆ ಕಾಂಕ್ರೀಟ್ ಕೊಯ್ದು ಜನ ತೆಗೆಯೋದು, ಮೂಸಿ ಹುಡುಕೋ ನಾಯಿ, ರಬ್ಬರ್ ಬೋಟು, ಇಷ್ಟನ್ನೂ ಪ್ರತಿ ಜಿಲ್ಲೇನೂ ಸಾಕ್ಕೊಂಡು ಕೂರೋಕೆ ನಮ್ ಹತ್ರ ಏನು ಕುಬೇರನ ಖಜಾನೆ ಇದ್ಯಾ.

ಇದ್ರಿಂದ ಏನಾಯ್ತು ಅಂದ್ರೆ, 2019ರಲ್ಲಿ ಅದೇ ಒಡಿಶಾಗೆ ಫೋನಿ ಚಂಡಮಾರುತ ಬಂದಾಗ ಸುಮಾರು 12 ಲಕ್ಷ ಜನರನ್ನ ಮುಂಚೇನೇ ಸ್ಥಳಾಂತರ ಮಾಡಿದ್ರು, ಅಲ್ಲಿ ಸತ್ತೋರು 64. ಆ 64ಕ್ಕೂ ಬೇಜಾರೇ, ಆದ್ರೆ 10 ಸಾವಿರ ಎಲ್ಲಿ, 64 ಎಲ್ಲಿ. 2023ರ ಅಕ್ಟೋಬರಲ್ಲಿ ನಮ್ಮೆಲ್ಲರ ಮೊಬೈಲೂ ಒಟ್ಟಿಗೆ ಸೈರನ್ ಥರ ಕೂಗ್ಕೊಂಡಿದ್ದು ನೆನಪಿರ್ಬೇಕು, ಅದು ಎಚ್ಚರಿಕೆ ಕಳ್ಸೋ ಟೆಸ್ಟು. ಡ್ಯಾಂ ಕೆಳಗಿರೋ ಟವರುಗಳಿಗೆ ಮಾತ್ರ ಅಂಥ ಮೆಸೇಜ್ ಬಿಡೋ ವ್ಯವಸ್ಥೆ ದೇಶಕ್ಕೆಲ್ಲ ಒಂದೇ ಇದ್ರೇ ಸರಿ. ಭಾವನ ಫೋನ್ ಅವತ್ತು ಸ್ವಿಚಾಫ್ ಆಗಿತ್ತು, ಅದಕ್ಕೇ ಅವ್ರಿಗೆ ನಂಬಿಕೆ ಇಲ್ಲ.

ವಿರೋಧ

ಫೋನ್ ಸ್ವಿಚಾಫ್ ಆಗಿದ್ದಿದ್ದು ಕರೆಂಟ್ ಇಲ್ದೆ ಕಣಪ್ಪ, ಅದನ್ನೂ ಬರಿ. ಮಳೆ ಗಾಳಿ ಜೋರಾದಾಗ ಮೊದ್ಲು ಹೋಗೋದೇ ಕರೆಂಟು, ಹಿಂದೇನೇ ಟವರು. ನಮ್ಮೂರಿಗೆ ಕನ್ನಂಬಾಡಿ ಕಟ್ಟೇಲಿ ನೀರು ಬಿಡ್ತಾವ್ರೆ ಅಂತ ಗೊತ್ತಾಗೋದು ಈಗ್ಲೂ ತಮಟೆಯಿಂದ, ಇಲ್ಲ ಆಟೋಗೆ ಮೈಕ್ ಕಟ್ಕೊಂಡು ಬರೋನಿಂದ. ಕಟ್ಟೆ ತುಂಬೋಕೆ ಬಂದು 124 ಅಡಿ ದಾಟಿ ಒಳಹರಿವು ಏರ್ತಾ ಐತೆ ಅಂದ್ರೆ ನಾವು ಯಾರೂ ಹೇಳೋಕೆ ಮುಂಚೆ ಪಂಪ್‌ಸೆಟ್ ಬಿಚ್ಕೊಂಡು ಮೇಲಕ್ಕೆ ತರ್ತೀವಿ, ಲಕ್ಷ ಕ್ಯೂಸೆಕ್ (ಸೆಕೆಂಡಿಗೆ ಲಕ್ಷ ಘನ ಅಡಿ) ಬಿಟ್ರು ಅಂದ್ರೆ ಯಾವ ಗದ್ದೆ ಬದುವರ್ಗೂ ಬತ್ತದೆ ಅಂತ ಗದ್ದೆಗೆ ನೀರು ಬಿಡೋ ನಮ್ ನೀರಗಂಟಿಗೆ ಗೊತ್ತು, ದೆಹಲಿ ಕಂಪ್ಯೂಟರ್‌ಗೆ ಅದು ನೀಲಿ ಬಣ್ಣದ ಗೆರೆ.

ಒಡಿಶಾ ಕತೆ ಚೆನ್ನಾಗಿ ಹೇಳ್ದೆ, ಅರ್ಧ ಬಿಟ್ಟೆ. ಆ ರಾಜ್ಯದೋರು ತಮ್ದೇ ವಿಪತ್ತು ಪ್ರಾಧಿಕಾರ ಕಟ್ಕೊಂಡಿದ್ದು 1999ರಲ್ಲೇ, ದೆಹಲಿ ಕಾಯ್ದೆಗಿಂತ ಆರು ವರ್ಷ ಮುಂಚೆ. ಸಮುದ್ರದ ದಡದ ಊರೂರಲ್ಲೂ ಸೈಕ್ಲೋನ್ ಶೆಲ್ಟರು, ಊರಿನ ಹುಡುಗ್ರಿಗೇ ಟ್ರೈನಿಂಗು, ಯಾವ ಅಜ್ಜೀನ ಯಾರು ಎತ್ಕೊಂಡು ಹೋಗ್ಬೇಕು ಅನ್ನೋದು ಅವ್ರಿಗೆ ಮೊದ್ಲೇ ಗೊತ್ತು. ಚಂಡಮಾರುತ ಬತ್ತಾ ಐತೆ ಅಂತ ಕೇಂದ್ರ ಹೇಳ್ತು, ಒಪ್ತೀನಿ, 12 ಲಕ್ಷ ಜನರನ್ನ ಎಬ್ಬಿಸ್ಕೊಂಡು ಹೋದೋರು ಯಾರು?

16 ಬೆಟಾಲಿಯನ್ ಅಂದ್ಯಲ್ಲ, ಒಂದೊಂದ್ರಲ್ಲಿ ಸಾವಿರದ ಚಿಲ್ರೆ ಜನ, ಇಡೀ ದೇಶಕ್ಕೆ. ನಮ್ಗೆ ಸೇರಿದ ಬೆಟಾಲಿಯನ್ ಇರೋದು ಆಂಧ್ರದ ವಿಜಯವಾಡ ಹತ್ರ. ಮಳೆಗಾಲದಲ್ಲಿ ಕೊಡಗಿಗೆ ಒಂದು ತಂಡ ಮುಂಚೇನೇ ಬಂದು ಕೂತಿರ್ತದೆ, ಒಳ್ಳೇದೇ, ಕೆಲ್ಸಾನೂ ಚೆನ್ನಾಗೇ ಮಾಡ್ತಾರೆ. ಆದ್ರೆ ಮೊದಲ್ನೇ ಗಂಟೆ? 2018ರ ನವೆಂಬರ್ 24, ಮಂಡ್ಯ ಜಿಲ್ಲೆ ಕನಗನಮರಡಿ ಹತ್ರ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ಬಸ್ಸು ಬಿತ್ತು, 30 ಜನ ಹೋದ್ರು, ಸ್ಕೂಲ್ ಮಕ್ಕಳೂ ಇದ್ರು. ಅವತ್ತು ಮೊದ್ಲು ನೀರಿಗೆ ಬಿದ್ದೋರು ಅಕ್ಕಪಕ್ಕ ಗದ್ದೇಲಿದ್ದ ಜನ. ಅದು ಪ್ರವಾಹ ಅಲ್ಲ, ಅಪಘಾತ, ಗೊತ್ತು. ಆದ್ರೂ ಹೇಳ್ತಾ ಇದೀನಿ ಯಾಕಂದ್ರೆ ಮುಳುಗೋ ಮನುಷ್ಯಂಗೆ ಇರೋದು ನಾಕೈದು ನಿಮಿಷ, ಅಷ್ಟ್ರೊಳಗೆ ಬರೋನು ಈಜು ಬರೋ ಪಕ್ಕದ ಹೊಲದೋನು ಮಾತ್ರ.

ಈಗ ದುಡ್ಡಿನ ವಿಷಯ, ನಂಗೆ ಉರಿಯೋದೇ ಇಲ್ಲಿ. ವಿಪತ್ತು ಅಂದ್ರೆ ನಿಮ್ಗೆ ಟೀವೀಲಿ ಬೋಟು ಕಾಣ್ಬೇಕು, ಮಂಡ್ಯಕ್ಕೆ ಬರಾನೂ ವಿಪತ್ತೇ. 2023ರಲ್ಲಿ ರಾಜ್ಯದ 236 ತಾಲ್ಲೂಕಲ್ಲಿ 223 ಬರ ಅಂತ ಘೋಷಣೆ ಆಯ್ತು. ಸೆಪ್ಟೆಂಬರಲ್ಲಿ ಮನವಿ ಕೊಟ್ರು, ಅಕ್ಟೋಬರಲ್ಲಿ ಕೇಂದ್ರದ ತಂಡ ಬಂದು ಒಣಗಿದ ಹೊಲ ನೋಡ್ಕೊಂಡು ಹೋಯ್ತು, ಆಮೇಲೆ ಸುಮ್ನೆ. ರಾಜ್ಯ ಸುಪ್ರೀಂ ಕೋರ್ಟಿಗೆ ಹೋದ್ಮೇಲೆ 2024ರ ಏಪ್ರಿಲ್ ಕೊನೇಲಿ ದುಡ್ಡು ಬಿಟ್ರು. ಕೇಳಿದ್ದು 18,171 ಕೋಟಿ, ಬಂದಿದ್ದು 3,454 ಕೋಟಿ. ರಾಜ್ಯದೋರೇನು ಸಾಚಾ ಅಂತ ಅಲ್ಲ, ಯಾವಾಗ್ಲೂ ಮೂರು ಪಟ್ಟು ಸೇರ್ಸೇ ಕೇಳೋದು. ಆದ್ರೆ ಏಳು ತಿಂಗಳು! ಬೆಳೆ ಒಣಗಿದೋನು ಅಷ್ಟ್ರಲ್ಲಿ ಸಾಲ ಮಾಡಿ, ಬಡ್ಡಿ ಕಟ್ಟಿ, ಹಸು ಮಾರಿ ಮುಗ್ಸಿರ್ತಾನೆ. ರೇಟೂ ಅಲ್ಲೇ ಫಿಕ್ಸು. ಆಗ ನೀರಾವರಿ ಜಮೀನಿಗೆ ಹೆಕ್ಟೇರಿಗೆ 17,000 ಇತ್ತು, ಅದೂ ಎರಡು ಹೆಕ್ಟೇರ್ ತನಕ ಮಾತ್ರ. ಎಕರೆಗೆ ಏಳು ಸಾವಿರಾನೂ ಆಗಲ್ಲ, ಕಬ್ಬು ನೆಟ್ಟೋನ್ನ ಹೋಗಿ ಕೇಳು ಆ ದುಡ್ಡು ಎಲ್ಲಿಗಾಗ್ತದೆ ಅಂತ.

ಒಂದೇ ಕೈಲಿ ಹಿಡಿತ ಇದ್ರೆ ಇನ್ನೊಂದು ತೊಂದ್ರೆ. 2020ರ ಮಾರ್ಚ್ 24ಕ್ಕೆ ರಾತ್ರಿ 8 ಗಂಟೆಗೆ ಟೀವೀಲಿ ಹೇಳಿ 12ಕ್ಕೆ ದೇಶಾನೇ ಬಂದ್ ಮಾಡಿದ್ರಲ್ಲ, ಅದು ಇದೇ 2005ರ ಕಾಯ್ದೇಲಿ. ನಂಜನಗೂಡಲ್ಲಿ ಕೊರೋನಾ ಕೇಸ್ ಮೇಲೆ ಕೇಸು, ಪಕ್ಕದ ಚಾಮರಾಜನಗರದಲ್ಲಿ ಜೂನ್ ತನಕ ಒಂದೂ ಇಲ್ಲ, ಬಾಗಿಲು ಮಾತ್ರ ಇಬ್ರಿಗೂ ಒಂದೇ ದಿನ ಹಾಕಿದ್ರು.

ಜಿಲ್ಲೆಗೆ ಕೊಟ್ರೆ ಎಲ್ಲ ಸರಿ ಹೋಗ್ತದೆ ಅಂತ ನಾನೂ ಹೇಳಲ್ಲ. ಜಿಲ್ಲಾ ಪ್ರಾಧಿಕಾರಕ್ಕೆ ಡಿಸಿ ಅಧ್ಯಕ್ಷರು, ಜಿಲ್ಲಾ ಪಂಚಾಯ್ತಿ ಅಧ್ಯಕ್ಷರು ಸಹ ಅಧ್ಯಕ್ಷರು ಅಂತ ಕಾಯ್ದೇಲೇ ಐತೆ. ಆದ್ರೆ ಜಿಲ್ಲಾ ಪಂಚಾಯ್ತಿ ಅವಧಿ 2021ರಲ್ಲಿ ಮುಗೀತು, ಆಮೇಲೆ ವರ್ಷಗಟ್ಲೆ ಎಲೆಕ್ಷನ್ನೇ ಮಾಡ್ಲಿಲ್ಲ. ಅಂದ್ರೆ ಆ ಸಭೇಲಿ ನಮ್ ಪರ ಮಾತಾಡೋಕೆ ನಾವು ಆರಿಸಿ ಕಳ್ಸಿದೋನ ಕುರ್ಚಿನೇ ಖಾಲಿ. ಇದನ್ನ ಮಾಡಿದ್ದು ದೆಹಲಿ ಅಲ್ಲ, ನಮ್ ಬೆಂಗಳೂರೇ.

ಹೋದ್ ಮಳೆಗಾಲಕ್ಕೆ ಮುಂಚೆ ಪಂಚಾಯ್ತಿಗೆ ಹೋಗಿ ನೂರಡಿ ಹಗ್ಗ, ನಾಕು ಲೈಫ್ ಜಾಕೆಟ್ಟು, ಒಂದು ತೆಪ್ಪ ತೆಕ್ಕೊಡಿ, ಹುಡುಗ್ರನ್ನ ನಾನು ರೆಡಿ ಮಾಡ್ತೀನಿ ಅಂದೆ. ಪಾಪ ಅವ್ರು ಇಲ್ಲ ಅನ್ಲಿಲ್ಲ, ಯಾವ ಲೆಕ್ಕದ ಹೆಡ್ಡಲ್ಲಿ ಬಿಲ್ ಹಾಕ್ಲಿ ಹೇಳಿ ಅಂದ್ರು. ಹಗ್ಗ ಕೊನೆಗೆ ನಾನೇ ಸಂತೆಮಾಳದಲ್ಲಿ ತಂದೆ, ಈಗ ಅದ್ರಲ್ಲಿ ಎಮ್ಮೆ ಕಟ್ಟೈತೆ.