ಹಣೆಗೆ ಕಟ್ಟಿದ ಪಟ್ಟಿ

ಮೆದುಳಿಗೆ ಚಿಪ್ ಹಾಕಿಸಿಕೊಂಡವರನ್ನು ಹ್ಯಾಕರ್‌ಗಳು ಗೊಂಬೆ ಥರ ಕುಣಿಸುತ್ತಾರಾ? 2024ರ ಜನವರಿಯಲ್ಲಿ ಇಲಾನ್ ಮಸ್ಕ್ ಅವರ ನ್ಯೂರಾಲಿಂಕ್ ಕಂಪನಿ ಮೊದಲ ಸಲ ಮನುಷ್ಯನೊಬ್ಬನಿಗೆ ಸಾಧನ ಕೂರಿಸಿದಾಗಿನಿಂದ ಈ ಪ್ರಶ್ನೆ ಎಷ್ಟು ಸಲ ಕಣ್ಣಿಗೆ ಬಿದ್ದಿದೆಯೋ ಲೆಕ್ಕವಿಲ್ಲ. ನನಗೆ ಆ ಹೆದರಿಕೆ ಅಷ್ಟಾಗಿ ಇಲ್ಲ. ಕೈ ಆಡಿಸಬೇಕೆಂಬ ಸಂಕೇತವನ್ನು ಓದಿ ಕಂಪ್ಯೂಟರ್ ಪರದೆಯ ಕರ್ಸರ್ ಸರಿಸುವುದು ಆ ಚಿಪ್‌ನ ಕೆಲಸ. ಅಲ್ಲಿ ಆಪರೇಷನ್ ಇದೆ, ಡಾಕ್ಟರ್ ಇದ್ದಾರೆ, ಹೇಳುವವರು ಕೇಳುವವರು ಇದ್ದಾರೆ.

ನನ್ನ ಹೆದರಿಕೆ ಹಣೆಗೆ ಕಟ್ಟಿಕೊಳ್ಳುವ ಪಟ್ಟಿಯ ಬಗ್ಗೆ. ಧ್ಯಾನಕ್ಕೆ, ನಿದ್ದೆಗೆ, ಗೇಮ್‌ಗೆ ಅಂತ ಯಾರು ಬೇಕಾದರೂ ಕೊಳ್ಳಬಹುದಾದ ಇಇಜಿ ಸಾಧನಗಳಿವು, ಅಂದರೆ ಮೆದುಳಿನ ವಿದ್ಯುತ್ ಅಲೆಗಳನ್ನು ತಲೆಯ ಹೊರಗಿನಿಂದಲೇ ಅಳೆಯುವಂಥವು.

2012ರಲ್ಲಿ ಸಂಶೋಧಕರು ಇಂಥದೇ ಅಗ್ಗದ ಹೆಡ್‌ಸೆಟ್ ಇಟ್ಟುಕೊಂಡು ಒಂದು ಪರೀಕ್ಷೆ ಮಾಡಿದರು. ಪರದೆಯ ಮೇಲೆ ಅಂಕೆಗಳು, ಬ್ಯಾಂಕುಗಳು, ತಿಂಗಳುಗಳು ಒಂದೊಂದಾಗಿ ಮಿಂಚಿ ಹೋಗುತ್ತವೆ. ನಮಗೆ ಸಂಬಂಧಪಟ್ಟದ್ದು ಕಂಡರೆ ಸುಮಾರು 300 ಮಿಲಿಸೆಕೆಂಡಿನಲ್ಲಿ ಮೆದುಳಿನ ಅಲೆಯಲ್ಲಿ ಒಂದು ಸಣ್ಣ ಉಬ್ಬು ಏಳುತ್ತದೆ. ಪಿ300 ಅಂತ ಅದರ ಹೆಸರು. ಆ ಉಬ್ಬನ್ನೇ ಹಿಡಿದು ಹೆಡ್‌ಸೆಟ್ ಹಾಕಿಕೊಂಡವರ ಬ್ಯಾಂಕ್ ಯಾವುದು, ಹುಟ್ಟಿದ ತಿಂಗಳು ಯಾವುದು, ಪಿನ್‌ನ ಮೊದಲ ಅಂಕೆ ಯಾವುದು ಅಂತ ಊಹಿಸಿದರು. ತಪ್ಪಿದ್ದೂ ಬೇಕಾದಷ್ಟಿದೆ. ಆದರೂ ಸುಮ್ನೆ ಕಣ್ಣುಮುಚ್ಚಿ ಊಹಿಸುವುದಕ್ಕಿಂತ ಜಾಸ್ತಿ ಸಲ ಸರಿಯಾಯಿತು. ಬಾಯಿ ಬಿಡದೆ ಕೂತರೂ ಗುಟ್ಟು ಸೋರುತ್ತದೆ, ಅಲ್ವಾ? ಇಂಥ ಚಿತ್ರಗಳನ್ನು ಯಾರಾದರೂ ಗೇಮ್‌ನೊಳಗೇ ತೂರಿಸಿದರೆ, ಆಡುವವರಿಗೆ ನಡುವೆ ಮಿಂಚಿದ ಚಿತ್ರದ ಮೇಲೆ ಅನುಮಾನವಾದರೂ ಯಾಕೆ ಬರಬೇಕು?

ದೇಹದೊಳಗೆ ಕೂರಿಸಿದ್ದರ ಚಿಂತೆ ಬೇರೆ. ಅದು ರಿಪೇರಿಯದ್ದು. 2017ರಲ್ಲಿ ಅಮೆರಿಕದಲ್ಲಿ ಸುಮಾರು 4,65,000 ಪೇಸ್‌ಮೇಕರ್‌ಗಳಲ್ಲಿ ಭದ್ರತಾ ಲೋಪ ಇರುವುದು ಗೊತ್ತಾಗಿ, ಅಪ್‌ಡೇಟ್‌ಗಾಗಿ ರೋಗಿಗಳು ಡಾಕ್ಟರ ಹತ್ತಿರವೇ ಹೋಗಬೇಕಾಯಿತು. ಅಲ್ಲಾದರೂ ಅಪ್‌ಡೇಟ್ ಕೊಡಲು ಕಂಪನಿ ಇತ್ತು. ಆರ್ಗಸ್ ಎಂಬ ಕೃತಕ ದೃಷ್ಟಿಯ ಸಾಧನವನ್ನು ಕಣ್ಣಿಗೆ ಹಾಕಿಸಿಕೊಂಡವರನ್ನು ಅದನ್ನು ಮಾಡಿದ ಕಂಪನಿಯೇ ನಡುನೀರಿನಲ್ಲಿ ಕೈಬಿಟ್ಟಿತು.

ಚಿಲಿ ದೇಶ ಮಾತ್ರ ಬೇಗ ಎಚ್ಚೆತ್ತುಕೊಂಡಿತು. 2021ರಲ್ಲಿ ಮೆದುಳಿನ ಮಾಹಿತಿಗೆ ಸಂವಿಧಾನದಲ್ಲೇ ರಕ್ಷಣೆ ಕೊಟ್ಟಿತು. 2023ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಮಾಜಿ ಸೆನೆಟರ್ ಒಬ್ಬರ ಮೆದುಳಿನ ಡೇಟಾ ಅಳಿಸಿ ಅಂತ ಇಂಥ ಇಇಜಿ ಹೆಡ್‌ಸೆಟ್ ಮಾಡುವ ಎಮೋಟಿವ್ ಕಂಪನಿಗೆ ಆದೇಶ ಮಾಡಿತು.

ನಾನೂ ಒಂದು ಪಟ್ಟಿ ಎರಡು ವಾರ ಕಟ್ಟಿಕೊಂಡು ಮಲಗಿದ್ದೆ. ಅದರ ಆಪ್ ಮೊದಲು ಕೇಳಿದ್ದು ಲೊಕೇಶನ್. (ಮಲಗಿದವನ ಲೊಕೇಶನ್ ಯಾಕಪ್ಪಾ!) ಆಮೇಲೆ ನೋಡಿದರೆ ರಾತ್ರಿಯ ಅಲೆಗಳೆಲ್ಲ ಅವರ ಸರ್ವರ್‌ಗೆ ಹೋಗಿದ್ದವು. ಪಾಸ್‌ವರ್ಡ್ ಆಗಿದ್ದರೆ ಬದಲಾಯಿಸಬಹುದಿತ್ತು. ಮೆದುಳನ್ನು ಏನು ಮಾಡಲಿ? ಎಲ್ಲ ಅಳಿಸಿ ಅಂತ ಎರಡು ಸಲ ಇಮೇಲ್ ಮಾಡಿದೆ. "ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದಗಳು" ಅಂತ ಉತ್ತರ ಬಂದಿದೆ.